ಈ ಸಲ ಪ್ರವಾಸಕ್ಕೆ ಒಂದೇ ಒಂದು ದ್ವೀಪ ಸಾಕು



"ದೇಶ ಸುತ್ತು, ಕೋಶ ಓದು" ಎಂದು ಹಿರಿಯರು ಹೇಳಿದ್ದಾರೆ. ಡಿಸೆಂಬರ್ ಬಂತೆಂದರೆ ನಮ್ಮ ಶಾಲೆಯಲ್ಲಿ ಪ್ರವಾಸದ ಮಾತು ಶುರು. ಈ ಸಲವೂ ಮೂರು ದಿನ ದೂರದ ಊರುಗಳಿಗೇ ಹೋಗಬೇಕು ಎಂದು ಬಹಳ ಜನ ಹೇಳುತ್ತಿದ್ದಾರೆ. ನನ್ನ ಅಭಿಪ್ರಾಯ ಬೇರೆ. ನಮ್ಮ ಮಂಡ್ಯ ಜಿಲ್ಲೆಯಲ್ಲೇ ಇರುವ ಶ್ರೀರಂಗಪಟ್ಟಣಕ್ಕೆ ಒಂದು ದಿನ ಹೋಗಿ, ಆ ದ್ವೀಪವನ್ನು ಪೂರ್ತಿಯಾಗಿ ನೋಡಬೇಕು.

"ಅದ್ಯಾವ ದ್ವೀಪ? ಮೈಸೂರಿಗೆ ಹೋಗುವಾಗ ಬಸ್ಸಲ್ಲೇ ನೋಡಿದ್ದೀವಲ್ಲ" ಎಂದು ನೀವು ನಗಬಹುದು. ಸುತ್ತಲೂ ನೀರಿರುವ ಭೂಭಾಗವೇ ದ್ವೀಪ ಎಂದು ಪಾಠದಲ್ಲಿ ಓದಿದ್ದೇವೆ. ಕಾವೇರಿಯು ಪಟ್ಟಣದ ಪಶ್ಚಿಮಕ್ಕೆ ಎರಡು ಕವಲಾಗಿ, ಎರಡೂ ಪಕ್ಕ ಹರಿದು, ಪೂರ್ವದ ತುದಿಯಲ್ಲಿ ಸಂಗಮದ ಹತ್ತಿರ ಮತ್ತೆ ಒಂದಾಗುತ್ತದೆ. ಬಸ್ಸು ಒಂದು ಸೇತುವೆ ದಾಟಿ ಇನ್ನೊಂದು ಸೇತುವೆಗೆ ಬರುವಷ್ಟರಲ್ಲಿ ದ್ವೀಪ ಮುಗಿದೇ ಹೋಗಿರುತ್ತದೆ. ಅದಕ್ಕೇ ನಮಗೆ ಗೊತ್ತಾಗುವುದಿಲ್ಲ.

ಇತಿಹಾಸದ ಪಾಠ ಅರ್ಥವಾಗಬೇಕಾದರೆ ಕೋಟೆಯ ಮೇಲೆ ನಿಂತು ಹೊಳೆಯನ್ನು ನೋಡಬೇಕು. 1791ರಲ್ಲಿ ಕಾರ್ನ್‌ವಾಲೀಸನ ಸೈನ್ಯ ಪಟ್ಟಣದ ಹತ್ತಿರಕ್ಕೇ ಬಂದಿತ್ತು. ಮಳೆ ಹಿಡಿಯಿತು, ಹೊಳೆ ತುಂಬಿತು. ಜನಕ್ಕೂ ಎತ್ತುಗಳಿಗೂ ತಿನ್ನಲು ಸಿಗದೆ, ದೊಡ್ಡ ಫಿರಂಗಿಗಳನ್ನು ತಾವೇ ಹಾಳುಮಾಡಿ ವಾಪಸ್ ಹೋದರು. 1799ರ ಮೇ 4ರಂದು ಮಳೆಗಾಲ ಇನ್ನೂ ಶುರುವಾಗಿರಲಿಲ್ಲ. ಹೊಳೆಯಲ್ಲಿ ನೀರು ಕಡಿಮೆ ಇತ್ತು. ಬ್ರಿಟಿಷ್ ಸೈನಿಕರು ನಡೆದೇ ಹೊಳೆ ದಾಟಿ, ಒಡೆದ ಗೋಡೆ ಹತ್ತಿದರು. ಅಂದೇ ಟಿಪ್ಪು ಸುಲ್ತಾನನು ಹೋರಾಡುತ್ತಾ ಮಡಿದನು. ಇಸವಿ ಬಾಯಿಪಾಠ ಮಾಡುವುದಕ್ಕಿಂತ ಇದು ಮೇಲಲ್ಲವೇ?

1784ರಲ್ಲಿ ಕಟ್ಟಿದ ದರಿಯಾ ದೌಲತ್ ಇದೆ. ಅದರ ಗೋಡೆ ತುಂಬಾ ಯುದ್ಧದ ಚಿತ್ರಗಳು. ಶ್ರೀರಂಗನಾಥಸ್ವಾಮಿಯ ದೇವಸ್ಥಾನ, ಹೈದರಾಲಿ ಮತ್ತು ಟಿಪ್ಪುವಿನ ಸಮಾಧಿಯಿರುವ ಗುಂಬಜ್ ಇವೆ. ರೈಲು ಹಳಿಗೆ ಅಡ್ಡ ಬಂತೆಂದು 2017ರಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಯನ್ನು ಒಡೆಯದೆ, ಇಡೀ ಕಟ್ಟಡವನ್ನೇ ಎತ್ತಿ ಪಕ್ಕಕ್ಕೆ ಸರಿಸಿದರು! ಇದನ್ನು ಹೇಗೆ ಮಾಡಿದರೆಂದು ವಿಜ್ಞಾನದ ಮೇಷ್ಟ್ರು ಅಲ್ಲೇ ವಿವರಿಸಬಹುದು.

ಅಲ್ಲಿಂದ ಮೂರ್ನಾಲ್ಕು ಕಿಲೋಮೀಟರ್ ಹೋದರೆ ರಂಗನತಿಟ್ಟು. 17ನೇ ಶತಮಾನದಲ್ಲಿ ಒಡೆಯರು ಕಟ್ಟಿಸಿದ ಒಡ್ಡಿನಿಂದ ಅಲ್ಲಿನ ಚಿಕ್ಕ ನಡುಗಡ್ಡೆಗಳು ಉಂಟಾದವು. ಹೊಲಕ್ಕೆ ನೀರು ಕೊಡಲು ಕಟ್ಟಿದ್ದು ಹಕ್ಕಿಗಳಿಗೂ ಮನೆಯಾಯಿತು. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಅದು ಪಕ್ಷಿಧಾಮವಾಯಿತು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಚಮಚದಂಥ ಕೊಕ್ಕಿನ ಹಕ್ಕಿ, ಬಂಡೆ ಮೇಲೆ ಬಿಸಿಲು ಕಾಯಿಸುವ ಮೊಸಳೆ, ಅದೃಷ್ಟವಿದ್ದರೆ ನೀರುನಾಯಿ. ಆದರೆ ದೋಣಿಯಲ್ಲಿ ಕೂಗಾಡಬಾರದು.

ಊಟಕ್ಕೆ ಹೋಟೆಲ್ ಬೇಡ. ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗೋಣ. ಚಿತ್ರಾನ್ನ, ಮೊಸರನ್ನ, ರೊಟ್ಟಿ, ಹುಚ್ಚೆಳ್ಳು ಚಟ್ನಿ ಹಂಚಿಕೊಂಡು ತಿನ್ನೋಣ. ಮಂಡ್ಯ ಸೀಮೆ ಎಂದ ಮೇಲೆ ಕಬ್ಬಿನ ಹಾಲು ಕುಡಿಯದೆ ಬರಲಾದೀತೇ? ಎಲೆ, ಕವರು ಮಾತ್ರ ಹೊಳೆಗೆ ಎಸೆಯಬಾರದು. ಸಂಗಮದಲ್ಲಿ ಜನ ಬಿಟ್ಟುಹೋದ ಬಟ್ಟೆಗಳೇ ಸಾಕಷ್ಟಿವೆ. ಸೆಳೆತ ಇರುವುದರಿಂದ ಯಾರೂ ನೀರಿಗೆ ಇಳಿಯಲೂಬಾರದು.

ಈಗ ಮುಖ್ಯವಾದ ಮಾತು. ಹೋದ ವರ್ಷ ನಮ್ಮ ತರಗತಿಯಲ್ಲಿ ಒಂಬತ್ತು ಜನ ಪ್ರವಾಸಕ್ಕೆ ಬರಲಿಲ್ಲ. ಒಬ್ಬರು ಜ್ವರ ಅಂದರು, ಒಬ್ಬರು ನೆಂಟರ ಮನೆ ಮದುವೆ ಅಂದರು. ನಿಜವಾದ ಕಾರಣ ದುಡ್ಡು. ಅದು ನಮಗೆಲ್ಲಾ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಬಂದರೆ ಲಾಡ್ಜ್ ಖರ್ಚಿಲ್ಲ, ಹೋಟೆಲ್ ಖರ್ಚಿಲ್ಲ. ರಾತ್ರಿ ಹೊರಗೆ ಉಳಿಯಬೇಕೆಂದು ಕಳಿಸದಿರುವ ಅಪ್ಪ ಅಮ್ಮಂದಿರೂ ಒಪ್ಪುತ್ತಾರೆ.

ದೂರದ ಊರು ನೋಡಬಾರದು ಎಂದು ನಾನು ಹೇಳುವುದಿಲ್ಲ. ದೊಡ್ಡವರಾದ ಮೇಲೆ ನೋಡೋಣ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲಾ ತುಪ್ಪಕ್ಕೆ ಅಲೆಯುವುದು ಬೇಡ. ಅರ್ಧ ತರಗತಿ ಹತ್ತು ಊರು ನೋಡುವುದಕ್ಕಿಂತ, ಇಡೀ ತರಗತಿ ಒಂದು ದ್ವೀಪ ನೋಡುವುದು ಒಳ್ಳೆಯದು. ಗುರುಗಳು ದಯವಿಟ್ಟು ಯೋಚಿಸಬೇಕು. ಗೆಳೆಯರೇ, ನೀವೇನಂತೀರಿ? ನಿಮ್ಮ ಅಭಿಪ್ರಾಯ ಬರೆದು ಮುಂದಿನ ಸಂಚಿಕೆಗೆ ಕೊಡಿ.

– 7ನೇ ತರಗತಿ ವಿದ್ಯಾರ್ಥಿನಿ