ಮೈಸೂರಿನ ಎಂ.ಆರ್.ಎಸ್. ರಾವ್
ನಮ್ಮ ಜರಗನಹಳ್ಳಿಯಿಂದ ಕಾಲೇಜಿಗೆ ಹೊರಟ ಹುಡುಗ-ಹುಡುಗಿಯರಿಗೆ ಹೇಳಲೇಬೇಕಾದ ಹೆಸರು ವಿಜ್ಞಾನಿ ಎಂ.ಆರ್.ಎಸ್. ರಾವ್. 1948ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌.ಡಿ. ಮಾಡಿ, ಅಮೆರಿಕಕ್ಕೆ ಹೋಗಿ ಬೆಂಗಳೂರಿಗೇ ಮರಳಿದವರು. ಅವರನ್ನು ಕಾಡಿದ ಪ್ರಶ್ನೆ ಎಷ್ಟು ಸೊಗಸಾದುದು! ಮೀಟರಿನಷ್ಟು ಉದ್ದದ ಡಿಎನ್‌ಎ ವೀರ್ಯಾಣುವಿನ ಪುಟ್ಟ ತಲೆಯೊಳಗೆ ಹೇಗೆ ಹಿಡಿಸುತ್ತದೆ? ಡಿಎನ್‌ಎ ಸುತ್ತಿಕೊಂಡಿದ್ದ ಹಿಸ್ಟೋನ್ ಎಂಬ ಪ್ರೋಟೀನುಗಳು ಮೊದಲು ಜಾಗ ಬಿಡುತ್ತವೆ, ನಡುವೆ ಸ್ವಲ್ಪ ಕಾಲ ಬೇರೆ ಪ್ರೋಟೀನುಗಳು ಬಂದು ಹೋಗುತ್ತವೆ, ಕೊನೆಗೆ ಪ್ರೋಟಮೀನ್ ಎಂಬ ಪ್ರೋಟೀನುಗಳು ಡಿಎನ್‌ಎಯನ್ನು ಬಿಗಿಯಾಗಿ ಕಟ್ಟುತ್ತವೆ. ಬಂದು ಹೋಗುವ ಆ ಪ್ರೋಟೀನುಗಳ ಬೆನ್ನು ಹತ್ತಿ ಅವರು ದಶಕಗಟ್ಟಲೆ ದುಡಿದರು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ 2003ರಿಂದ 2013ರವರೆಗೆ ಅಧ್ಯಕ್ಷರಾಗಿದ್ದಾಗಲೂ ಸಂಶೋಧನೆ ಬಿಡಲಿಲ್ಲ. 2010ರಲ್ಲಿ ಪದ್ಮಶ್ರೀ ಬಂತು. 2023ರ ಆಗಸ್ಟ್‌ನಲ್ಲಿ ತೀರಿಕೊಂಡರು. ನಮ್ಮ ಪಿಯು ಕಾಲೇಜುಗಳ ಜೀವಶಾಸ್ತ್ರದ ಕೊಠಡಿಯಲ್ಲಿ ಅವರದೊಂದು ಚಿತ್ರ ತೂಗುಹಾಕಿ, ಕೆಳಗೆ ಆ ಪ್ರಶ್ನೆಯನ್ನೂ ಬರೆಯಿರಿ.