ದೊಡ್ಡಪತ್ರೆಗೆ ಅಡುಗೆಮನೆಯಲ್ಲಿ ಸ್ಥಾನವಿರಲಿ

ಮಹಾನಗರಗಳಲ್ಲಿ ನೆಲೆಸಿರುವ ಅನೇಕ ಕನ್ನಡಿಗರ ಮನೆಯ ಬಾಲ್ಕನಿಯಲ್ಲಿ ದೊಡ್ಡಪತ್ರೆಯ ಕುಂಡವೊಂದಿರುತ್ತದೆ. ಆದರೆ ಅದರ ನೆನಪಾಗುವುದು ಮಕ್ಕಳಿಗೆ ನೆಗಡಿ, ಕೆಮ್ಮು ಬಂದಾಗ ಮಾತ್ರ. ನಿತ್ಯದ ಊಟದಲ್ಲಿ ಬಳಕೆಯಾಗಬೇಕಾದ ಸೊಪ್ಪನ್ನು ನಾವು ಬರಿಯ ಮದ್ದಾಗಿಸಿರುವುದು ಉಚಿತವಲ್ಲವೆಂಬುದು ನನ್ನ ಅಭಿಪ್ರಾಯ.

ಇದು ಮಹಾರಾಷ್ಟ್ರದಲ್ಲಿ ‘ಪಾನ್ ಓವಾ’, ತಮಿಳರಿಗೆ ‘ಕರ್ಪೂರವಳ್ಳಿ’, ತೆಲುಗರಿಗೆ ‘ವಾಮು ಆಕು’, ಹಿಂದಿಯವರಿಗೆ ‘ಪತ್ತಾ ಅಜವಾಯನ್’. ಈ ಹೆಸರುಗಳಿಂದಾಗಿ ಓಮದ ಕಾಳು ಇದೇ ಗಿಡದ್ದೆಂದು ಭಾವಿಸುವವರುಂಟು. ಓಮವು ಜೀರಿಗೆ, ಕೊತ್ತಂಬರಿಗಳ ಕುಟುಂಬದ ವಾರ್ಷಿಕ ಸಸ್ಯ. ದೊಡ್ಡಪತ್ರೆಯಾದರೋ ತುಳಸಿ, ಪುದೀನಗಳ ಕುಟುಂಬದ ಬಹುವಾರ್ಷಿಕ. ಥೈಮಾಲ್‌ನಂತಹ ಸುಗಂಧದ್ರವ್ಯಗಳು ಎರಡರಲ್ಲಿಯೂ ಇರುವುದರಿಂದ ಪರಿಮಳ ಮಾತ್ರ ಒಂದೇ ಬಗೆಯದು.

ಇದರ ಶ್ರೇಷ್ಠ ಉಪಯೋಗ ತಂಬುಳಿ. 8–10 ಎಲೆಗಳನ್ನು ಜೀರಿಗೆ, ಕರಿಮೆಣಸುಗಳೊಡನೆ ತುಪ್ಪದಲ್ಲಿ ಬಾಡಿಸಿ, ತೆಂಗಿನ ತುರಿಯೊಂದಿಗೆ ನುಣ್ಣಗೆ ರುಬ್ಬಿ, ಮಜ್ಜಿಗೆಯಲ್ಲಿ ಕಲಸಿ, ಉಪ್ಪು ಹಾಕಿ ಒಗ್ಗರಣೆ ಕೊಟ್ಟರಾಯಿತು, ಕುದಿಸುವ ಅಗತ್ಯವಿಲ್ಲ. ಇಡಿಯ ಎಲೆಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಬಜ್ಜಿಯನ್ನು ಮಕ್ಕಳೂ ಬೇಡವೆನ್ನರು. ಚಟ್ನಿ, ಚಿತ್ರಾನ್ನಗಳಿಗೂ ಇದು ಒಗ್ಗುತ್ತದೆ.

ಬೆಳೆಸುವುದು ಅತಿ ಸುಲಭ. ಗೇಣುದ್ದದ ಕಾಂಡವನ್ನು ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಮರಳು ಬೆರೆತ ಮಣ್ಣಿನಲ್ಲಿ ಊರಿದರೆ ಎರಡು ಮೂರು ವಾರಗಳಲ್ಲಿ ಬೇರೂರುತ್ತದೆ. ಬಿಸಿಲು ತಡೆಯುವ ಈ ಗಿಡ ನಿಂತ ನೀರನ್ನು ತಡೆಯದು. ಮೇಲ್ಮಣ್ಣು ಒಣಗಿದ ಮೇಲೆಯೇ ನೀರೆರೆಯಬೇಕು. ಮುಂಬಯಿಯ ಮಳೆಗಾಲದಲ್ಲಿ ಸೂರಿನಡಿಯಲ್ಲೂ, ದೆಹಲಿಯ ಕೊರೆಯುವ ಚಳಿಯಲ್ಲಿ ಮನೆಯೊಳಗೂ ಇರಿಸುವುದು ಲೇಸು. ಆಗಾಗ್ಗೆ ಕುಡಿ ಚಿವುಟಿದಷ್ಟೂ ಪೊದೆಯಾಗಿ ಹಬ್ಬುತ್ತದೆ. ಅಡುಗೆಗೆ ಕೊಯ್ಯುವುದೇ ಅದಕ್ಕೆ ಆರೈಕೆ!

ಮನೆಮದ್ದಿನ ಬಗ್ಗೆ ಒಂದು ಮಾತು. ಹಿರಿಯರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಳೆಗೂಸಿನ ಉಸಿರಾಟ ಕಷ್ಟವಾಗಿರುವಾಗ ಎಲೆಯ ರಸ ಹಿಂಡುತ್ತ ಕೂಡುವುದು ಅಪಾಯಕರ. ಅಂತಹ ವೇಳೆ ವಿಳಂಬವಿಲ್ಲದೆ ವೈದ್ಯರಲ್ಲಿಗೆ ಧಾವಿಸಬೇಕು.

ಕಾಯಿಲೆ ಬಂದಾಗಷ್ಟೇ ನೆನೆಯುವ ಸೊಪ್ಪಿನ ಹೆಸರನ್ನು ಮಕ್ಕಳು ಕಹಿಯೊಂದಿಗೆ ನೆನಪಿಟ್ಟಾರು, ಇಲ್ಲವೇ ಮರೆತಾರು. ತಟ್ಟೆಯಲ್ಲಿ ರುಚಿಯಾಗಿ ಬಂದ ಸೊಪ್ಪಿನ ಹೆಸರು ಮಾತ್ರ ನಾಲಗೆಯ ಮೇಲೆ ಉಳಿಯುತ್ತದೆ. ನಮ್ಮ ಸಂಘದ ಮುಂದಿನ ಕೂಟಕ್ಕೆ ಬರುವಾಗ ಪ್ರತಿಯೊಬ್ಬರೂ ಒಂದೊಂದು ಕಡ್ಡಿ ತಂದು ಹಂಚಿಕೊಂಡರೆ, ತಂಬುಳಿಯೂ ಅದರ ಹೆಸರೂ ಮುಂದಿನ ತಲೆಮಾರಿಗೆ ದಾಟಿಯಾವು.