ಸೇವಾಸಂಸ್ಥೆಯ ಲೆಕ್ಕಪತ್ರಕ್ಕೂ ದಾನ ಬೇಕು

ಉಡುಪಿ, ಕಾಪು, ಕಾರ್ಕಳಗಳ ವರ್ತಕರು ಕೊಡುಗೈಯವರಲ್ಲವೆಂದು ಯಾರೂ ಹೇಳಲಾರರು. ಶಾಲಾ ವಾರ್ಷಿಕೋತ್ಸವ, ಯಕ್ಷಗಾನ ಬಯಲಾಟ, ವೈದ್ಯಕೀಯ ಶಿಬಿರ ಎಂದು ರಶೀದಿ ಪುಸ್ತಕ ಹಿಡಿದು ಬಂದವರು ಬರಿಗೈಯಲ್ಲಿ ಹಿಂದಿರುಗುವುದು ಅಪರೂಪ. ಆದರೆ ಆ ಹಣದಲ್ಲಿ ಶಾಮಿಯಾನ, ಶಾಲು, ಫಲಕಗಳಿಗೆ ಹೋಗುವುದೆಷ್ಟು, ಸಂಸ್ಥೆಯ ಲೆಕ್ಕ ಬರೆಯುವವನಿಗೆ ಸಲ್ಲುವುದೆಷ್ಟು ಎಂದು ವಿಚಾರಿಸುವವರು ಕಡಿಮೆ.

ಹಳ್ಳಿಯ ಮಹಿಳಾ ಮಂಡಲಿಯಾಗಲಿ ಯುವಕ ಸಂಘವಾಗಲಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ವರ್ಷವರ್ಷವೂ ಲೆಕ್ಕ ಒಪ್ಪಿಸಬೇಕು. ಆದಾಯ ತೆರಿಗೆಯ ಕಡೆಯಲ್ಲಂತೂ 2021ರ ಏಪ್ರಿಲ್ 1ರಿಂದ ಹಳೆಯ ಶಾಶ್ವತ ನೋಂದಣಿ ರದ್ದಾಗಿ, ಎಲ್ಲರೂ ಮರುನೋಂದಣಿ ಮಾಡಿಸಿಕೊಳ್ಳಬೇಕಾಯಿತು. ಗಡುವನ್ನು ಮೇಲಿಂದ ಮೇಲೆ ವಿಸ್ತರಿಸಿದ್ದೇ ಸಣ್ಣ ಸಂಸ್ಥೆಗಳ ಪಾಡನ್ನು ಹೇಳುತ್ತದೆ. ಇದು ಅವರ ಚಿಂತೆ ಮಾತ್ರವೆಂದು ವರ್ತಕರು ಸುಮ್ಮನಿರುವಂತಿಲ್ಲ. 2021-22ನೆಯ ಸಾಲಿನಿಂದ, ದಾನ ಪಡೆದ ಸಂಸ್ಥೆ ದಾನಿಗಳ ವಿವರವನ್ನು ಇಲಾಖೆಗೆ ಸಲ್ಲಿಸಿ ಪ್ರಮಾಣಪತ್ರ ಕೊಟ್ಟರೆ ಮಾತ್ರ, 80ಜಿ ಎಂದೇ ಪರಿಚಿತವಾದ ರಿಯಾಯಿತಿ ದಾನಿಗೆ ದೊರೆಯುವ ವ್ಯವಸ್ಥೆ ಬಂದಿತು. ಅಲ್ಲಿ ಗುಮಾಸ್ತನಿಲ್ಲದಿದ್ದರೆ ನಷ್ಟ ಇಲ್ಲಿ.

ದೊಡ್ಡ ಕಂಪೆನಿಗಳಿಂದ ಈ ನೆರವನ್ನು ನಿರೀಕ್ಷಿಸುವುದು ವ್ಯರ್ಥ. ಸಾಮಾಜಿಕ ಹೊಣೆಗಾರಿಕೆಯ 2014ರ ನಿಯಮಗಳಲ್ಲಿ, ಯೋಜನೆ ನಡೆಸುವ ಸಂಸ್ಥೆಗಳ ಸಾಮರ್ಥ್ಯ ಹೆಚ್ಚಿಸಲು ಶೇಕಡಾ 5ರ ಮಿತಿಯೊಳಗೆ ಅವಕಾಶವಿತ್ತು. 2021ರ ತಿದ್ದುಪಡಿಯಲ್ಲಿ ಆ ಮಾತು ಉಳಿಯಲಿಲ್ಲ. ಉಳಿದವರು ಊರಿನ ಅಂಗಡಿಯವರು, ಗೇರುಬೀಜ ಕಾರ್ಖಾನೆಯವರು, ಮುದ್ರಣಾಲಯದವರು.

ಹಣ ಸಂಬಳಕ್ಕೆ ಹೋದರೆ ಬಡವರಿಗೆ ಏನು ಬಂತು ಎಂಬ ಆಕ್ಷೇಪ ಸಹಜ. ಅದಕ್ಕೆ ಉತ್ತರ ಈ ನೆಲದಲ್ಲೇ ಇದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಮನೆಬಾಗಿಲಲ್ಲಿ ಸಂಗ್ರಹಿಸಿತು. ಏಜೆಂಟರ ಕಮಿಷನ್ನನ್ನು ದುಂದುವೆಚ್ಚವೆಂದು ಬಗೆದಿದ್ದರೆ ಎರಡಾಣೆ ಬ್ಯಾಂಕಿಗೆ ಬರುತ್ತಲೇ ಇರಲಿಲ್ಲ. (ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಪಿಗ್ಮಿ ಎಂಬ ಪದ ಇನ್ನೂ ಪೇಟೆಯ ಬಾಯಲ್ಲಿದೆ.) ಲೆಕ್ಕ ಬರೆಯುವವನಿಲ್ಲದೆ ಒಂದು ದಿನಸಿ ಅಂಗಡಿಯನ್ನೂ ನಡೆಸದ ವರ್ತಕರು, ಸೇವಾಸಂಸ್ಥೆ ಮಾತ್ರ ಹಾಗೆ ನಡೆಯಲಿ ಎನ್ನುವುದು ವಿಚಿತ್ರ.

ಒಂದೇ ಬೀದಿಯ ಹತ್ತು ಅಂಗಡಿಗಳು ಸೇರಿ ಒಂದು ಸಂಸ್ಥೆಗೆ ವರ್ಷಕ್ಕೆ ಮೂವತ್ತು ಸಾವಿರ ರೂಪಾಯಿಯಂತೆ ಎರಡು ವರ್ಷ ಕೊಡುವುದು ಭಾರವಲ್ಲ. ಉಡುಪಿಯ ಎಂ.ಜಿ.ಎಂ., ಕಾರ್ಕಳದ ಭುವನೇಂದ್ರ ಕಾಲೇಜುಗಳ ವಾಣಿಜ್ಯ ವಿದ್ಯಾರ್ಥಿಗಳಿಗೆ ಸಂಜೆಯ ಲೆಕ್ಕದ ಕೆಲಸ ಸಿಕ್ಕೀತು. ಕಂಪ್ಯೂಟರನ್ನು ಹೊಸದಾಗಿಯೇ ಕೊಳ್ಳಬೇಕೆಂದಿಲ್ಲ. ಹಣವನ್ನು ಚೆಕ್ಕಿನಲ್ಲೇ ಕೊಡಬೇಕು; 2,000 ರೂಪಾಯಿ ಮೀರಿದ ನಗದು ದಾನಕ್ಕೆ 2017ರಲ್ಲೇ ರಿಯಾಯಿತಿ ತಪ್ಪಿದೆ. ಎರಡನೆಯ ಕಂತನ್ನು ಮೊದಲ ವರ್ಷದ ಲೆಕ್ಕಪರಿಶೋಧಿತ ಜಮಾಖರ್ಚು ಕೈಸೇರಿದ ಮೇಲೆಯೇ ಬಿಡುಗಡೆ ಮಾಡಬೇಕು. ಪುಸ್ತಕ ತೋರಿಸಲು ಹಿಂಜರಿಯುವ ಸಂಸ್ಥೆ ಎಷ್ಟೇ ಪ್ರತಿಷ್ಠಿತವಾಗಿರಲಿ, ಅದಕ್ಕೆ ಎರಡನೆಯ ಕಂತು ಬೇಡ. ಮೂರನೆಯ ವರ್ಷದಿಂದ ಸದಸ್ಯತ್ವದ ಹಣದಲ್ಲೇ ಗುಮಾಸ್ತನನ್ನು ಉಳಿಸಿಕೊಳ್ಳುವ ಷರತ್ತನ್ನು ಮೊದಲ ದಿನವೇ ಬರೆದಿಡತಕ್ಕದ್ದು.